ಹೆಕ್ಕಿದ ಮಣ್ಣು, ಕೂಡಿದ ಕೈ: ಬಾಗೂರು ಸೀಮೆಯ ನೆಲ ಮತ್ತು ಮಣ್ಣಿನ ಕಲೆಯ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ ಮತ್ತು ವ್ಯಾಪ್ತಿ

ಈಚಿನ ದಶಕಗಳಲ್ಲಿ ಹಲವು ಸೆರಾಮಿಕ್ ಕಲಾವಿದರು ಕಾರ್ಖಾನೆಯಿಂದ ಬರುವ ಸಿದ್ಧ ಮಣ್ಣನ್ನು ಬದಿಗಿಟ್ಟು, ತಾವು ಕೆಲಸ ಮಾಡುವ ಊರಿನ ಸುತ್ತಮುತ್ತಲಿಂದಲೇ ಜೇಡಿ, ಕಲ್ಲಿನ ಪುಡಿ, ಬೂದಿ, ಅದಿರುಗಳನ್ನು ಆಯ್ದು ತರುತ್ತಿದ್ದಾರೆ. ಇಬ್ಬರು ಮೂವರು ಒಟ್ಟುಗೂಡಿ ಒಂದು ಬೆಟ್ಟವನ್ನೋ ಹೊಳೆಯನ್ನೋ ಹಾಳುಬಿದ್ದ ಗಣಿಯನ್ನೋ ವಸ್ತುವಾಗಿಟ್ಟುಕೊಂಡು ಪಾತ್ರೆ, ಫಲಕ, ಶಿಲ್ಪಗಳನ್ನು ಮಾಡುತ್ತಾರೆ. ಇಂಥ ಕೆಲಸವನ್ನು ಕುರಿತ ಬರಹಗಳಲ್ಲಿ ‘ನೆಲ’ ಮತ್ತು ‘ಸಹಯೋಗ’ ಎಂಬ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಸಹಯೋಗ ಎಂದಾಗ ಅಲ್ಲಿ ಎಣಿಕೆಗೆ ಸಿಗುವುದು ಕಲಾವಿದರ ಹೆಸರು ಮಾತ್ರ. ಮಣ್ಣು ಎಲ್ಲಿದೆ, ಯಾವ ಕಾಲದಲ್ಲಿ ಅಗೆಯಬೇಕು, ಯಾವುದಕ್ಕೆ ಯಾವುದನ್ನು ಬೆರೆಸಬೇಕು ಎಂದು ತಲೆಮಾರುಗಳಿಂದ ತಿಳಿದವರ ಪಾಲು ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಈ ಟಿಪ್ಪಣಿ ಆ ಪ್ರಶ್ನೆಯನ್ನು ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಬಾಗೂರು ಸೀಮೆಯಲ್ಲಿ ನಿಂತು ಕೇಳುತ್ತದೆ. ಇದು ಚನ್ನಕೇಶವ ದೇವಾಲಯದ ಬಾಗೂರು. ಹೇಮಾವತಿ ನಾಲೆಯ ಸುರಂಗದಿಂದ ಹೆಸರಾದ ಬಾಗೂರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನದು; ಎರಡನ್ನೂ ಬೆರೆಸಬಾರದು. ಬಾಗೂರನ್ನು ನಡುವೆ ಇಟ್ಟುಕೊಂಡು, ಅದೇ ತಾಲ್ಲೂಕಿನ ಮತ್ತೋಡು, ಜಿಲ್ಲೆಯೊಳಗಿನ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿ, ಇವುಗಳ ಸಾಕ್ಷ್ಯವನ್ನು ಒಟ್ಟಿಗೆ ಓದಿದ್ದೇನೆ.

ನನ್ನ ವಾದ ಇಷ್ಟು: ನೆಲದಿಂದ ಹೆಕ್ಕಿದ ವಸ್ತು ಎಂದು ನಾವು ಕರೆಯುವುದೆಲ್ಲ ಬೇರೆ ಯಾರೋ ಮೊದಲೇ ಗುರುತಿಸಿ, ಪರೀಕ್ಷಿಸಿ, ಬಳಸಿ ಕೊಟ್ಟುಹೋದ ವಸ್ತು. ಆದ್ದರಿಂದ ಮಣ್ಣಿನ ಕೆಲಸದಲ್ಲಿ ಸಹಯೋಗ ಶುರುವಾಗುವುದು ಕಲಾವಿದರು ಕೈಜೋಡಿಸಿದಾಗಲ್ಲ, ಮಣ್ಣನ್ನು ಆರಿಸಿಕೊಂಡಾಗಲೇ. ಇದನ್ನು ಒಪ್ಪಿದರೆ ಕೃತಿಯನ್ನು ದಾಖಲಿಸುವ ಕ್ರಮವೂ ಬದಲಾಗಬೇಕಾಗುತ್ತದೆ.

2. ನೆಲದ ಕಟ್ಟು

ಹೊಸದುರ್ಗ ತಾಲ್ಲೂಕು ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಕರೆಯುವ ಬಹಳ ಪುರಾತನ ಶಿಲಾಶ್ರೇಣಿಯ ಮೇಲಿದೆ. ಈ ಪಟ್ಟಿಯ ಹಸಿರುಬಣ್ಣದ ಶಿಲೆಗಳು ಮೂಲತಃ ಜ್ವಾಲಾಮುಖಿಯಿಂದ ಬಂದವು. ಪಕ್ಕದ ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿ ನೀರಿನಡಿ ಹೆಪ್ಪುಗಟ್ಟಿದ ಲಾವಾ ದಿಂಬಿನಾಕಾರದಲ್ಲಿ ಇಂದಿಗೂ ಕಾಣಸಿಗುತ್ತದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇದೇ ಪಟ್ಟಿಯಲ್ಲಿ ಸುಣ್ಣಕಲ್ಲು, ಕಬ್ಬಿಣದ ಅದಿರು, ಮ್ಯಾಂಗನೀಸ್ ಇವೆ. ಸುತ್ತ ಗ್ರಾನೈಟ್ ಮತ್ತು ನೈಸ್ ಶಿಲೆಯ ಬಯಲು.

ಮಣ್ಣಿನ ಕೆಲಸದವರಿಗೆ ಈ ವಿವರಗಳು ಏಕೆ ಬೇಕು? ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ ಶಿಥಿಲಗೊಂಡರೆ ಬಿಳಿ ಜೇಡಿಯಾಗುತ್ತದೆ. ಕಬ್ಬಿಣ ಹೆಚ್ಚಿರುವ ಶಿಲೆ ಶಿಥಿಲಗೊಂಡರೆ ಕೆಮ್ಮಣ್ಣು, ಕಾವಿಕಲ್ಲು ಸಿಗುತ್ತವೆ. ಎರೆಮಣ್ಣು ಚೆನ್ನಾಗಿ ಅಂಟುತ್ತದೆ; ಆದರೆ ನೀರು ಕುಡಿದು ಉಬ್ಬಿ, ಒಣಗುವಾಗ ಕುಗ್ಗಿ ಬಿರಿಯುವ ಗುಣದ್ದು. ಅದಕ್ಕೆ ಮರಳೋ ಬೂದಿಯೋ ಬೆರೆಯದೆ ಪಾತ್ರೆ ನಿಲ್ಲದು. ಒಂದೇ ತಾಲ್ಲೂಕಿನೊಳಗೆ ಮಸಾರಿ, ಎರೆ, ಸವಳು, ಜೇಡಿ ಎಲ್ಲವೂ ಸಿಗುವುದು ಈ ಸೀಮೆಯ ಭಾಗ್ಯ. ಅದರ ಜೊತೆಗೇ ಸುಣ್ಣದ ಹರಳಿನ ಕಾಟವೂ ಇದೆ.

ಸುಣ್ಣದ ಹರಳಿನ ವಿಷಯವನ್ನು ತುಸು ಹತ್ತಿರದಿಂದ ನೋಡಬೇಕು. ಹಸಿ ಮಣ್ಣಿನಲ್ಲಿ ಜೋಳದ ಕಾಳಿನಷ್ಟು ದೊಡ್ಡ ಸುಣ್ಣದ ಹರಳೊಂದು ಉಳಿದರೆ ಪಾತ್ರೆ ಮಾಡುವಾಗ ಏನೂ ಗೊತ್ತಾಗುವುದಿಲ್ಲ. ಆವಿಗೆಯಲ್ಲಿ ಸುಮಾರು 850 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನ ಶಾಖಕ್ಕೆ ಅದು ಸುಟ್ಟಸುಣ್ಣವಾಗುತ್ತದೆ. ಪಾತ್ರೆ ಚೆನ್ನಾಗಿಯೇ ಹೊರಬರುತ್ತದೆ. ಆಮೇಲೆ ಗಾಳಿಯ ತೇವವನ್ನು ಹೀರುತ್ತಾ ಆ ಸುಣ್ಣ ಅರಳುತ್ತದೆ. ಕೆಲವು ದಿನಗಳಲ್ಲಿ ಪಾತ್ರೆಯ ಮೈಯಿಂದ ಒಂದು ಚಕ್ಕೆ ಸಿಡಿದು ಬಿದ್ದು, ಗುಳಿಯ ತಳದಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಇದಕ್ಕೆ ಮದ್ದು ಮೂರು: ಮಣ್ಣನ್ನು ನೆನೆಹಾಕಿ ಸೋಸಬೇಕು, ಇಲ್ಲವೇ ಹರಳನ್ನು ನುಣ್ಣಗೆ ಪುಡಿಮಾಡಬೇಕು, ಇಲ್ಲವೇ ಆ ಜಾಗದ ಮಣ್ಣನ್ನೇ ಬಿಡಬೇಕು. ಯಾವ ಗುಂಡಿಯ ಮಣ್ಣು ಸಿಡಿಯುತ್ತದೆ, ಯಾವುದು ಸಿಡಿಯುವುದಿಲ್ಲ ಎಂಬ ತಿಳಿವಳಿಕೆ ಒಡೆದ ಮಡಕೆಗಳಿಂದ ಬಂದದ್ದು. ಹೊರಗಿನಿಂದ ಬಂದ ಕಲಾವಿದರಿಗೆ ಸ್ಥಳೀಯ ಕುಂಬಾರರು ಒಂದು ಮಾತಿನಲ್ಲಿ ಹೇಳಬಹುದಾದ ಈ ಎಚ್ಚರಿಕೆಯ ಹಿಂದೆ ಹಲವು ಆವಿಗೆಗಳ ನಷ್ಟ ಇದೆ.

3. ಕೆರೆಯ ಮಣ್ಣು ಯಾರ ದುಡಿಮೆ?

ಬಯಲುಸೀಮೆಯ ಕುಂಬಾರರು ಹೆಚ್ಚಾಗಿ ಮಣ್ಣು ತರುವುದು ಕೆರೆಯಂಗಳದಿಂದ. ಮಳೆನೀರು ಬೆಟ್ಟದಿಂದ ಹೊತ್ತು ತಂದದ್ದರಲ್ಲಿ ದಪ್ಪ ಮರಳು ಕೆರೆಯ ಬಾಯಲ್ಲೇ ಉಳಿಯುತ್ತದೆ. ನವಿರಾದ ಜೇಡಿ ನಿಂತ ನೀರಿನಲ್ಲಿ ತೇಲುತ್ತಾ ಹೋಗಿ ಏರಿಯ ಬಳಿ, ಆಳದಲ್ಲಿ, ಪದರಪದರವಾಗಿ ಇಳಿಯುತ್ತದೆ. ಹೀಗೆ ಕೆರೆ ಊರಿಗೆ ಒಂದು ದೊಡ್ಡ ಜರಡಿಯಾಗಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿದಾಗ ಅಗೆಯಲು ಸಿಗುವ ಮಣ್ಣು ಪ್ರಕೃತಿ ಒಂದೇ ಸೋಸಿ ಕೊಟ್ಟದ್ದಲ್ಲ; ಏರಿ ಕಟ್ಟಿದವರ ದುಡಿಮೆ ಅದರೊಳಗಿದೆ.

ಈ ಜಿಲ್ಲೆಯಲ್ಲಿ ಕೆರೆ ಕಟ್ಟುವ ಕೆಲಸದ ಸಾಕ್ಷ್ಯ ಬಹಳ ಹಿಂದಕ್ಕೆ ಹೋಗುತ್ತದೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಒಂದು ತಟಾಕದ ನಿರ್ಮಾಣವನ್ನು ದಾಖಲಿಸುತ್ತದೆ, ಅದು ಕ್ರಿ.ಶ. ನಾಲ್ಕನೆಯ ಶತಮಾನದ್ದು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹೊಸದುರ್ಗ ಸೀಮೆಯ ನೀರನ್ನು ಹೊತ್ತು ಹೋಗುವ ವೇದಾವತಿಗೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಹೀಗೆ ಅಪರೂಪವಾದ ನಾಡಿನಲ್ಲಿ ಕೆರೆಯಂಗಳದ ಹೂಳು ಹೊಲಕ್ಕೆ ಗೊಬ್ಬರ, ಮನೆಗೆ ಇಟ್ಟಿಗೆ, ಕುಂಬಾರರಿಗೆ ಬಂಡವಾಳ. ಅದರ ಮೇಲೆ ಹಲವರ ಹಕ್ಕು ಮೊದಲಿನಿಂದಲೂ ಇದೆ. ನೆಲದ ಸ್ಫೂರ್ತಿ ಎನ್ನುವಾಗ ಈ ಹಕ್ಕಿನ ಚರಿತ್ರೆಯನ್ನೂ ನೆನೆಯಬೇಕು.

4. ಬ್ರಹ್ಮಗಿರಿ, ಚಂದ್ರವಳ್ಳಿಯ ಚೂರುಗಳು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಚಂದ್ರವಳ್ಳಿಯಲ್ಲಿ 1929ರ ಹೊತ್ತಿಗೆ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಅಲ್ಲಿ ದೊರೆತವು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಎರಡೂ ನೆಲೆಗಳನ್ನು ಅಗೆಸಿದರು. ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳ ಕಾಲಾನುಕ್ರಮಕ್ಕೆ ಆ ಉತ್ಖನನ ಬುನಾದಿ ಹಾಕಿತು. ಅದಕ್ಕೆ ಮುಖ್ಯ ಆಧಾರವಾದದ್ದು ಮಡಕೆ ಚೂರುಗಳು.

ವೀಲರ್ ಬ್ರಹ್ಮಗಿರಿಯಲ್ಲಿ ಮೂರು ಹಂತ ಗುರುತಿಸಿದರು. ಕೆಳಗಿನದು ಕಲ್ಲುಕೊಡಲಿ ಬಳಸುತ್ತಿದ್ದವರ ಹಂತ. ಅಲ್ಲಿಯ ಒರಟು ಬೂದುಬಣ್ಣದ ಮಡಕೆಗಳು ಬಹುಪಾಲು ಕೈಯಿಂದಲೇ ಮಾಡಿದವು. ಮೇಲಿನದು ಬೃಹತ್ ಶಿಲಾ ಸಮಾಧಿಗಳ ಹಂತ. ಅದರ ಗುರುತು ಕಪ್ಪು-ಕೆಂಪು ಮಡಕೆ. ಅದಕ್ಕೂ ಮೇಲಿನದು ಶಾತವಾಹನರ ಕಾಲದ್ದು. ಅವರು ಕೊಟ್ಟ ಕಾಲಮಾನಗಳಲ್ಲಿ ಕೆಳಹಂತದ್ದು ಇನ್ನೂ ಹಿಂದಕ್ಕೆ ಹೋಗಬೇಕೆಂದು ಮುಂದಿನ ಇಂಗಾಲ ಪರೀಕ್ಷೆಗಳು ತೋರಿಸಿಕೊಟ್ಟವು. ಹಂತಗಳ ಕ್ರಮ ಮಾತ್ರ ಇಂದಿಗೂ ಉಪಯುಕ್ತವಾಗಿದೆ.

ನಮ್ಮ ಪ್ರಶ್ನೆಗೆ ಎರಡು ಬಗೆಯ ಚೂರುಗಳು ನೇರವಾಗಿ ಸಂಬಂಧಿಸುತ್ತವೆ. ಮೊದಲನೆಯದು ಕಪ್ಪು-ಕೆಂಪು ಮಡಕೆ: ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಇದಕ್ಕೆ ಎರಡು ಮಣ್ಣು ಬೇಕಿಲ್ಲ. ಕಬ್ಬಿಣದಂಶವಿರುವ ಒಂದೇ ಮಣ್ಣು ಗಾಳಿಯಾಡುವ ಬೆಂಕಿಯಲ್ಲಿ ಕೆಂಪಾಗುತ್ತದೆ. ಗಾಳಿ ಸಿಗದೆ ಹೊಗೆ ತುಂಬಿದ ಕಡೆ ಇಂಗಾಲ ಹೀರಿ ಕಪ್ಪಾಗುತ್ತದೆ. ಪಾತ್ರೆಯನ್ನು ಬೋರಲು ಹಾಕಿ, ಬಾಯನ್ನು ಹೊಟ್ಟು ಬೂದಿಯಲ್ಲಿ ಹುದುಗಿಸಿ ಸುಟ್ಟರೆ ಈ ಎರಡು ಬಣ್ಣ ಒಮ್ಮೆಗೇ ಬರುತ್ತವೆ ಎಂಬ ವಿವರಣೆ ವಿದ್ವಾಂಸರಲ್ಲಿ ಬಹಳ ಕಾಲದಿಂದ ಪ್ರಚಲಿತ. ಇಲ್ಲಿ ಬಣ್ಣ ಕೊಟ್ಟದ್ದು ಹೊಟ್ಟು, ಬೂದಿ, ಗಾಳಿ. ಅಂದರೆ ಒಕ್ಕಣೆಯ ಕಣದಲ್ಲಿ ಉಳಿದದ್ದು ಆವಿಗೆಗೆ ಬಂದಿದೆ. ಬೇಸಾಯದವರ ಕೆಲಸ ಮತ್ತು ಕುಂಬಾರರ ಕೆಲಸ ಒಂದೇ ಪಾತ್ರೆಯ ಮೈಮೇಲೆ ಕೂಡಿವೆ.

ಎರಡನೆಯದು ಚಂದ್ರವಳ್ಳಿ, ಬ್ರಹ್ಮಗಿರಿಗಳ ಮೇಲಿನ ಪದರಗಳಲ್ಲಿ ಸಿಕ್ಕ, ಕಂದುಗೆಂಪು ಲೇಪದ ಮೇಲೆ ಬಿಳಿ ಗೆರೆಗಳು ಕಾಣುವ ಮಡಕೆ. ಇದರ ಚೂರನ್ನು ಓರೆ ಬೆಳಕಿನಲ್ಲಿ ಹಿಡಿದರೆ ಗೆರೆಗಳು ಅಡ್ಡ, ಉದ್ದ, ಓರೆಯಾಗಿ ಹೆಣೆದುಕೊಂಡು ಬಲೆಯಂತೆ ಕಾಣುತ್ತವೆ. ಬಿಳಿ ಜೇಡಿಯಿಂದ ಗೆರೆ ಎಳೆದು, ಮೇಲೆ ಕಾವಿಮಣ್ಣಿನ ತೆಳು ಲೇಪ ಕೊಟ್ಟು ಸುಟ್ಟರೆ ಬಿಳುಪು ಒಳಗಿನಿಂದ ತೂರಿ ಕಾಣುತ್ತದೆ. ಒಂದು ಅಂಗೈಯಗಲದ ಚೂರಿನಲ್ಲಿ ಮೂರು ಬಗೆಯ ಮಣ್ಣಿದೆ: ಮೈಗೆ ಕೆರೆಯ ಅಥವಾ ಹೊಳೆಯಂಚಿನ ಜೇಡಿ, ಗೆರೆಗೆ ಶಿಥಿಲಗೊಂಡ ಗ್ರಾನೈಟಿನ ಬಿಳಿಮಣ್ಣು, ಲೇಪಕ್ಕೆ ಕಬ್ಬಿಣದ ಕಾವಿ. ಮೂರೂ ಒಂದೇ ಗುಂಡಿಯಲ್ಲಿ ಸಿಗುವುದಿಲ್ಲ. ಎಲ್ಲಿ ಯಾವುದು ಸಿಗುತ್ತದೆಂಬ ತಿಳಿವಳಿಕೆ ಒಂದು ಪ್ರದೇಶದ ಉದ್ದಗಲಕ್ಕೆ ಹರಡಿತ್ತು, ಅದು ಒಂದು ಕೆಲಸದ ಮನೆಯಲ್ಲಿ ಬಂದು ಸೇರುತ್ತಿತ್ತು ಎಂದು ಇದರಿಂದ ಊಹಿಸುವುದು ನ್ಯಾಯ. ಇಂದಿನ ಕಲಾವಿದರು ‘ನೆಲದಿಂದ ಆಯ್ದ ವಸ್ತು’ ಎಂದು ಹೊಸದಾಗಿ ಹೇಳುತ್ತಿರುವ ಕ್ರಮ ಈ ಜಿಲ್ಲೆಯಲ್ಲಿ ಸುಮಾರು ಎರಡು ಸಾವಿರ ವರ್ಷದಷ್ಟು ಹಳೆಯದು.

ಇದೇ ಪದರಗಳಲ್ಲಿ ತಟ್ಟೆಯ ತಳದಲ್ಲಿ ಹಲ್ಲುಗಾಲಿಯಿಂದ ಒತ್ತಿದಂಥ ಸಣ್ಣ ಗುರುತಿನ ಸಾಲುಗಳಿರುವ ಮಡಕೆಯೂ ಸಿಕ್ಕಿದೆ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ದೊರೆತ ಅದೇ ಬಗೆಯ ಪಾತ್ರೆಗಳ ಆಧಾರದಿಂದಲೇ ವೀಲರ್ ಬ್ರಹ್ಮಗಿರಿಯ ಕಾಲ ನಿರ್ಣಯಿಸಿದ್ದು. ಕರಾವಳಿಯ ವ್ಯಾಪಾರದ ಪಾತ್ರೆ ಒಳನಾಡಿಗೆ ಬಂದಾಗಲೂ ಇಲ್ಲಿಯವರು ತಮ್ಮ ಬಿಳಿಗೆರೆಯ ಪಾತ್ರೆಯನ್ನು ಬಿಡಲಿಲ್ಲ. ಹೊರಗಿನದನ್ನು ಕಂಡೂ ತಮ್ಮ ನೆಲದ ಮಣ್ಣಿಗೆ ನಿಷ್ಠರಾಗಿ ಉಳಿದ ಆ ಕುಶಲಿಗಳ ಬಗ್ಗೆ ನನಗೆ ಅಪಾರ ಗೌರವವಿದೆ.

5. ಮತ್ತೋಡಿನ ಬಳೆ

ಬಾಗೂರಿರುವ ತಾಲ್ಲೂಕಿನಲ್ಲೇ ಮತ್ತೋಡು ಒಂದು ಹೋಬಳಿ ಕೇಂದ್ರ. ಗಾಜಿನ ಬಳೆಗೆ ಅದು ಹೆಸರಾಗಿತ್ತು. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸ ಕಥನದಲ್ಲಿ (ಲಂಡನ್, 1807) ಮತ್ತೋಡಿನ ಬಳೆ ತಯಾರಿಕೆಯನ್ನು ವಿವರಿಸಿದ್ದಾನೆ. ಮುಂದೆ ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ಇದನ್ನು ಉಲ್ಲೇಖಿಸಿತು. ಈ ಉದ್ಯಮದ ಬೇರು ಇರುವುದು ಅಲ್ಲಿಯ ಸವಳು ಮಣ್ಣಿನಲ್ಲಿ. ಒಣಹವೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕಿಬರುವ ಸೋಡಾವನ್ನು ಕೆರೆದು ತೆಗೆದು, ಬಿಳಿಕಲ್ಲಿನ ಪುಡಿಯೊಡನೆ ಕರಗಿಸಿ ಗಾಜು ಮಾಡುತ್ತಿದ್ದರು.

ಇದರ ಹಿಂದಿನ ರಸಾಯನ ಸರಳ. ಬಿಳಿಕಲ್ಲು ಎಂದರೆ ಸಿಲಿಕಾ. ಅದೊಂದೇ ಕರಗಬೇಕಾದರೆ ಸುಮಾರು 1700 ಡಿಗ್ರಿ ಶಾಖ ಬೇಕು. ಹಳ್ಳಿಯ ಕುಲುಮೆಗೆ ಅದು ಎಟುಕದು. ಸೋಡಾ ಬೆರೆತರೆ ಎಷ್ಟೋ ಕಡಿಮೆ ಶಾಖದಲ್ಲಿ ಕರಗುತ್ತದೆ. ಕಬ್ಬಿಣದ ಅಂಶ ಗಾಜಿಗೆ ಹಸಿರು ಕೊಡುತ್ತದೆ, ಹೆಚ್ಚಾದರೆ ಕಪ್ಪು. ತಾಮ್ರ ಹಸಿರು, ನೀಲಿ, ಕೆಂಪುಗಳನ್ನು ಕೊಡುತ್ತದೆ. ಬೇಸಾಯಗಾರ ಬರಡೆಂದು ಬಿಟ್ಟ ನೆಲ ಹೀಗೆ ಬಳೆ ಮಾಡುವವರಿಗೆ ಜೀವನಾಧಾರವಾಯಿತು.

ಸೆರಾಮಿಕ್ ಕುರಿತ ಟಿಪ್ಪಣಿಯಲ್ಲಿ ಗಾಜಿನ ಮಾತೇಕೆ ಎಂದು ಕೇಳಬಹುದು. ಎರಡು ಕಾರಣ. ಪಾತ್ರೆಯ ಮೇಲಿನ ಗ್ಲೇಜ್ ಎಂದರೆ ಮಣ್ಣಿನ ಮೈಗೆ ಅಂಟಿಕೊಂಡ ತೆಳುವಾದ ಗಾಜು. ಸೋಡಾ, ಸಿಲಿಕಾ, ಲೋಹದಂಶ ಇವು ಎರಡಕ್ಕೂ ಸಮಾನ. ಹಾಗೆಯೇ ಗಾಜು ಕರಗುವ ಮೂಸೆ ಮಣ್ಣಿನದು. ಕುದಿಯುವ ಗಾಜನ್ನು ಹೊತ್ತು ದಿನಗಟ್ಟಲೆ ಬಿರಿಯದೆ ನಿಲ್ಲುವ ಮೂಸೆಗೆ ಸಾಮಾನ್ಯ ಮಡಕೆಯ ಮಣ್ಣು ಸಾಲದು, ಬೆಂಕಿ ತಡೆಯುವ ಜೇಡಿ ಬೇಕು. ಆದ್ದರಿಂದ ಬಳೆಯ ಹಿಂದೆ ಸವಳು ಕೆರೆದವರು, ಬಿಳಿಕಲ್ಲು ಕುಟ್ಟಿದವರು, ಮೂಸೆ ಮಾಡಿದವರು, ಸೌದೆ ತಂದವರು, ಬೆಂಕಿ ಕಾದವರು, ಕಾದ ಗಾಜನ್ನು ಬಳೆಯಾಗಿ ತಿರುವಿದವರು, ಊರೂರು ಹೊತ್ತು ಮಾರಿದ ಬಳೆಗಾರರು ಇಷ್ಟು ಮಂದಿ ಇದ್ದರು. ಒಂದು ಸೀಮೆಯ ನೆಲವನ್ನೇ ವಸ್ತುವಾಗಿಸಿಕೊಂಡ ಸಹಯೋಗಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಬಾಗೂರಿನ ಹತ್ತಿರದಲ್ಲಿ ನಾನು ಕಾಣೆ.

6. ಕುಂಬಾರರ ಮನೆಯೊಳಗಿನ ಪಾಲುಗಾರಿಕೆ

ತಿಗರಿಯ ಮುಂದೆ ಕೂತವರನ್ನೇ ಕುಂಬಾರರೆಂದು ಬಗೆಯುವುದು ರೂಢಿ. ಆದರೆ ತಿಗರಿಯ ಮೇಲೆ ಮಡಕೆ ಇರುವುದು ಕೆಲವೇ ನಿಮಿಷ. ಅದಕ್ಕೆ ಮೊದಲು ಮಣ್ಣು ತಂದು, ಒಣಗಿಸಿ, ಹೆಂಟೆ ಒಡೆದು, ನೆನೆಹಾಕಿ, ಕಲ್ಲು ಬೇರು ಆರಿಸಿ, ಬೂದಿ ಮರಳು ಬೆರೆಸಿ, ತುಳಿದು ಹದಮಾಡಬೇಕು. ಆಮೇಲೆ, ತಳ ತೆರೆದೇ ಇರುವ ಹಸಿ ಮಡಕೆಯ ಒಳಗೆ ಗುಂಡು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಹೊಟ್ಟೆ ಹಿಗ್ಗಿಸಿ ತಳ ಮುಚ್ಚಬೇಕು. ಕೆಮ್ಮಣ್ಣಿನ ತಿಳಿ ಬಳಿದು ನುಣುಪುಗಲ್ಲಿನಿಂದ ಉಜ್ಜಬೇಕು. ನೆರಳಲ್ಲಿ ಒಣಗಿಸಿ ಆವಿಗೆಗೆ ಪೇರಿಸಬೇಕು. ಇವುಗಳಲ್ಲಿ ದೊಡ್ಡ ಪಾಲು ಹೆಂಗಸರದು. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳಿಸಿ ಮಾರುವವರೂ ಬಹುಮಟ್ಟಿಗೆ ಅವರೇ.

ಕನ್ನಡ ಸಾಹಿತ್ಯ ಈ ಪಾಲುಗಾರಿಕೆಯನ್ನು ಬಹಳ ಹಿಂದೆಯೇ ಗುರುತಿಸಿದೆ. ಕುಂಬಾರ ಗುಂಡಯ್ಯನ ಕಥೆಯನ್ನು ಹರಿಹರ ರಗಳೆಯಾಗಿ ಹಾಡಿದ. ಅಲ್ಲಿ ಮಡಕೆಯ ನಾದಕ್ಕೆ ಶಿವನೇ ಕುಣಿಯುತ್ತಾನೆ. ಗುಂಡಯ್ಯನ ಮಡದಿ ಕೇತಲದೇವಿ ಸ್ವತಃ ವಚನಕಾರ್ತಿ. ಮಣ್ಣಿನ ಹದವನ್ನೇ ಆಕೆ ತನ್ನ ವಚನಕ್ಕೆ ಆಧಾರವಾಗಿ ಹಿಡಿದಳು. ನಾದ ಗಂಡನ ಕಥೆಯಲ್ಲಿ, ಹದ ಹೆಂಡತಿಯ ಮಾತಿನಲ್ಲಿ ಬಂದಿರುವುದನ್ನು ಮಣ್ಣಿನ ಕೆಲಸ ಬಲ್ಲವರು ಸುಮ್ಮನೆ ದಾಟಿ ಹೋಗಲಾರರು. ಹದವಿಲ್ಲದೆ ನಾದವಿಲ್ಲ.

ಊರಿನ ವ್ಯವಸ್ಥೆಯಲ್ಲೂ ಕುಂಬಾರರು ಒಂಟಿಯಾಗಿರಲಿಲ್ಲ. ಆಯಗಾರರ ಸಾಲಿನಲ್ಲಿ ಹಲವೆಡೆ ಅವರಿಗೂ ಸ್ಥಾನವಿತ್ತು. ಸುಗ್ಗಿಯಲ್ಲಿ ಕಾಳು ಪಡೆದು ವರ್ಷವಿಡೀ ಮಡಕೆ ಒದಗಿಸುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಪೂಜೆಗೊಳ್ಳುವ ಮಣ್ಣಿನ ಎತ್ತು, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಮನೆಮನೆಗೆ ಬರುವ ಜೋಕುಮಾರ, ಇವು ಬೇಸಾಯದ ಕಾಲಚಕ್ರ ಮತ್ತು ಕೆರೆಯ ಮಣ್ಣು ಕೂಡಿ ಹುಟ್ಟಿಸಿದ ರೂಪಗಳು. ಜೋಕುಮಾರನನ್ನು ಮಾಡುವವರು ಒಬ್ಬರು, ಹೊತ್ತು ಹಾಡುವವರು ಇನ್ನೊಬ್ಬರು, ಮೊರದಲ್ಲಿ ಧಾನ್ಯ ನೀಡಿ ಬರಮಾಡಿಕೊಳ್ಳುವವರು ಮತ್ತೊಬ್ಬರು. ಕೃತಿ ಪೂರ್ಣವಾಗುವುದು ಮೂವರೂ ಸೇರಿದಾಗ.

7. ಈಚಿನ ಕಲಾವಿದರು

ಸ್ಟುಡಿಯೋ ಸೆರಾಮಿಕ್‌ನ ಆಧುನಿಕ ಚರಿತ್ರೆಯಲ್ಲಿ ನೆಲ ಮತ್ತು ಸಹಯೋಗ ಒಟ್ಟಿಗೆ ಬರುವ ಪ್ರಸಿದ್ಧ ಘಟನೆ 1920ರದು. ಬರ್ನಾರ್ಡ್ ಲೀಚ್ ಮತ್ತು ಹಮಾಡ ಶೋಜಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಿಕೆಯ ಮನೆ ಕಟ್ಟಿದರು. ಜಪಾನಿಗೆ ಮರಳಿದ ಹಮಾಡ ಮಾಶಿಕೊ ಎಂಬ ಹಳ್ಳಿಯಲ್ಲಿ ನೆಲೆಸಿ, ಅಲ್ಲಿಯ ಜೇಡಿ, ಅಲ್ಲಿಯ ಕಲ್ಲಿನ ಪುಡಿ, ಅಲ್ಲಿಯ ಬೂದಿಯಿಂದಲೇ ಕೆಲಸ ಮಾಡಿದರು. 1955ರಲ್ಲಿ ಜಪಾನ್ ಸರ್ಕಾರ ಅವರಿಗೆ ಅಲ್ಲಿಯ ಕುಶಲಿಗಳಿಗೆ ಸಲ್ಲುವ ಅತ್ಯುನ್ನತ ಮನ್ನಣೆ ನೀಡಿತು. ಆದರೆ ಮಾಶಿಕೊದಲ್ಲಿ ಅಡುಗೆಮನೆಯ ಪಾತ್ರೆಗಳ ಕುಂಬಾರಿಕೆ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಇತ್ತು. ಯಾವ ಗುಡ್ಡದ ಕಲ್ಲು ಕಂದುಗೆಂಪು ಗ್ಲೇಜ್ ಕೊಡುತ್ತದೆಂದು ಹಳ್ಳಿಯವರಿಗೆ ಗೊತ್ತಿತ್ತು. ಹಮಾಡ ಅದನ್ನು ಅವರಿಂದ ಪಡೆದರು. ಪಡೆದದ್ದನ್ನು ಎಂದೂ ಮುಚ್ಚಿಡದಿರುವುದು ಅವರ ದೊಡ್ಡತನ.

ನಮ್ಮ ಕಡೆ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಆರಂಭಿಸಿದರು. ಭಾರತದ ಇಂದಿನ ಎಷ್ಟೋ ಸೆರಾಮಿಕ್ ಕಲಾವಿದರು ಅಲ್ಲಿ ಕಲಿತವರು. ಮೀಕರ್ ಅವರು ಹಸಿ ಇಟ್ಟಿಗೆಯಲ್ಲಿ ಮನೆ ಕಟ್ಟಿ, ಮನೆಯನ್ನೇ ಆವಿಗೆಯಾಗಿಸಿ ಸುಡುವ ಪ್ರಯೋಗಗಳನ್ನೂ ನಡೆಸಿದರು. 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ನಡೆದ ಮೊದಲ ಭಾರತೀಯ ಸೆರಾಮಿಕ್ಸ್ ತ್ರೈವಾರ್ಷಿಕ ಪ್ರದರ್ಶನ ಮಣ್ಣನ್ನು ದೊಡ್ಡ ಕಲಾಮಾಧ್ಯಮವಾಗಿ ಸಾರ್ವಜನಿಕರ ಮುಂದಿಟ್ಟಿತು. ಕರ್ನಾಟಕದಲ್ಲಿ ಖಾನಾಪುರದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಕುಂಬಾರರಿಗೆ ತರಬೇತಿ ನೀಡುತ್ತ ಬಂದಿದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ನೇತ್ರಾವತಿ ದಂಡೆಯ ಜೇಡಿಯನ್ನು ನಂಬಿ ಬೆಳೆದದ್ದು. ಹಳ್ಳಿಯ ಆವಿಗೆ, ಕಲಾವಿದರ ಸ್ಟುಡಿಯೋ, ಕಾರ್ಖಾನೆ ಮೂರೂ ಒಂದೇ ಮಣ್ಣಿನ ಮೇಲೆ ನಿಂತಿದ್ದರೂ ಪರಸ್ಪರ ಮಾತಾಡಿದ್ದು ಕಡಿಮೆ. ನೆಲದಿಂದ ವಸ್ತು ಹೆಕ್ಕುವ ಇಂದಿನ ಒಲವು ಈ ಮಾತುಕತೆಗೆ ಅವಕಾಶ ತೆರೆದಿದೆ. ಅದನ್ನು ಕಳೆದುಕೊಳ್ಳಬಾರದು.

8. ಬಾಗೂರು ಸೀಮೆಯಲ್ಲಿ ಮಾಡಬೇಕಾದ್ದು

ಮೇಲಿನ ಸಾಕ್ಷ್ಯದಿಂದ ಮೂರು ಕಾರ್ಯಸೂಚನೆಗಳು ಹೊರಡುತ್ತವೆ.

ಮೊದಲನೆಯದು ಮಣ್ಣಿನ ದಫ್ತರು. ಹೊಸದುರ್ಗ ತಾಲ್ಲೂಕಿನಲ್ಲಿ ಕೆಲಸ ಮಾಡುವ ಕಲಾವಿದರು ತಾವು ತಂದ ಪ್ರತಿಯೊಂದು ಮಣ್ಣಿಗೂ ಒಂದು ಪುಟ ಮೀಸಲಿಡಬೇಕು: ಊರು, ಕೆರೆ ಅಥವಾ ಹೊಲ, ಅಗೆದ ಆಳ, ತಿಂಗಳು, ಆ ಜಾಗ ತೋರಿಸಿದವರು, ಅವರು ಆ ಮಣ್ಣಿಗೆ ಕರೆಯುವ ಹೆಸರು. ಜೊತೆಗೆ ಪರೀಕ್ಷೆಯ ಫಲ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಹದಗೊಂಡ ಮಣ್ಣಿನ ಪಟ್ಟಿಯ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಕೊರೆದು, ಒಣಗಿದ ಮೇಲೊಮ್ಮೆ, ಸುಟ್ಟ ಮೇಲೊಮ್ಮೆ ಅಳೆದರೆ ಎಷ್ಟು ಕುಗ್ಗಿತೆಂದು ತಿಳಿಯುತ್ತದೆ. ಮಣ್ಣಿನ ಬತ್ತಿಯನ್ನು ಬೆರಳಿಗೆ ಸುತ್ತಿ ನೋಡಿದರೆ ಬಿರಿಯುವ ಗುಣ ಗೊತ್ತಾಗುತ್ತದೆ. ಸುಟ್ಟ ತುಣುಕನ್ನು ಕೆಲವು ವಾರ ಹಾಗೇ ಇಟ್ಟರೆ ಸುಣ್ಣದ ಹರಳು ತಾನಾಗಿ ಹೊರಬೀಳುತ್ತದೆ. ತೆಂಗು ಹೆಚ್ಚಿರುವ ಈ ತಾಲ್ಲೂಕಿನಲ್ಲಿ ಗರಿ, ಸಿಪ್ಪೆ, ಕರಟಗಳ ಬೂದಿಯನ್ನು ಬೇರೆ ಬೇರೆಯಾಗಿ ಪರೀಕ್ಷಿಸುವುದೂ ಯೋಗ್ಯ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚು. ಜೇಡಿ ಮತ್ತು ಫೆಲ್ಡ್‌ಸ್ಪಾರ್ ಪುಡಿಯೊಡನೆ ಅದು ಹೆಚ್ಚಿನ ಶಾಖದಲ್ಲಿ ಗ್ಲೇಜ್ ಆಗಬಲ್ಲದು.

ಎರಡನೆಯದು ಹಕ್ಕು ಮತ್ತು ಎಚ್ಚರ. ಕೇಂದ್ರ ಪರಿಸರ ಸಚಿವಾಲಯದ 15 ಜನವರಿ 2016ರ ಅಧಿಸೂಚನೆ, ಕುಂಬಾರರು ತಮ್ಮ ರೂಢಿಯಂತೆ ಮಡಕೆ, ಹಣತೆ, ಗೊಂಬೆಗಳಿಗಾಗಿ ಕೈಯಿಂದ ಮಣ್ಣು ತೆಗೆಯುವುದಕ್ಕೆ ಪರಿಸರ ಅನುಮತಿ ಬೇಕಿಲ್ಲವೆಂದು ಹೇಳಿದೆ. ಅದು ರೂಢಿಯ ಹಕ್ಕಿಗೆ ಸಿಕ್ಕ ಮನ್ನಣೆ. ಹೊರಗಿನಿಂದ ಬಂದ ಕಲಾವಿದರು ಅದನ್ನು ತಮ್ಮದೆಂದು ಭಾವಿಸದೆ ಗ್ರಾಮ ಪಂಚಾಯಿತಿಯ, ಜಮೀನಿನವರ, ಕುಂಬಾರರ ಒಪ್ಪಿಗೆ ಪಡೆಯಬೇಕು. ಹಳೆಯ ನೆಲೆಗಳಿಂದ ಮಡಕೆ ಚೂರುಗಳನ್ನು ಹೆಕ್ಕಿ ಕಲಾಕೃತಿಗೆ ಬಳಸುವುದಂತೂ ಕೂಡದು. ರಕ್ಷಿತ ನೆಲೆಗಳಿಗೆ 1958ರ ಕಾಯ್ದೆಯ ಕಾವಲಿದೆ. ರಕ್ಷಣೆಯಿಲ್ಲದ ಕಡೆಯೂ ಪದರದಿಂದ ಕಿತ್ತ ಚೂರು ತನ್ನ ಸಾಕ್ಷ್ಯವನ್ನು ಕಳೆದುಕೊಳ್ಳುತ್ತದೆ. ಮ್ಯಾಂಗನೀಸ್ ಅದಿರು ಒಳ್ಳೆಯ ಕಂದು, ಕಪ್ಪು ಬಣ್ಣ ಕೊಡುತ್ತದೆ ನಿಜ. ಅದರ ಪುಡಿ ಮತ್ತು ಸುಡುವಾಗಿನ ಹೊಗೆ ನರಮಂಡಲಕ್ಕೆ ಹಾನಿಕರ. ಗಣಿಯ ಬದಿಯ ಬಣ್ಣ ಚೆಂದವೆಂದು ಮಕ್ಕಳ ಕೈಗೆ ಕೊಡಬಾರದು.

ಮೂರನೆಯದು ಹೆಸರಿನ ಹಂಚಿಕೆ. ಪ್ರದರ್ಶನದ ಫಲಕದಲ್ಲಿ ಕಲಾವಿದರ ಹೆಸರಿನ ಜೊತೆ ಮಣ್ಣಿನ ಊರು, ಮಣ್ಣು ಗುರುತಿಸಿದವರು, ಹದಮಾಡಿದವರು, ಆವಿಗೆ ಕಾದವರು ಇವರೆಲ್ಲರ ಹೆಸರು ಅವರ ಒಪ್ಪಿಗೆಯೊಂದಿಗೆ ಬರಬೇಕು. ಮಾರಾಟವಾದರೆ ಹಣದಲ್ಲೂ ಪಾಲು ಸಲ್ಲಬೇಕು. ಇದನ್ನು ಉಪಕಾರವೆಂದು ತಿಳಿಯಬಾರದು. ಕೃತಿ ಹೇಗೆ ಆಯಿತೆಂಬುದರ ನಿಖರ ದಾಖಲೆ ಇದು. ಶಾಸನದ ಕೊನೆಯಲ್ಲಿ ಬರೆದವನ, ಕೊರೆದವನ ಹೆಸರು ಇರುವ ಎಷ್ಟೋ ಉದಾಹರಣೆ ಕರ್ನಾಟಕದಲ್ಲಿವೆ. ಕಲ್ಲಿಗೆ ಸಂದ ಆ ಮರ್ಯಾದೆ ಮಣ್ಣಿಗೆ ಸಂದಿಲ್ಲ.

9. ತೀರ್ಮಾನ

ಚಂದ್ರವಳ್ಳಿಯ ಬಿಳಿಗೆರೆಯ ಮಡಕೆಯಲ್ಲಿ ಮೂರು ಕಡೆಯ ಮಣ್ಣು ಸೇರಿತ್ತು. ಮತ್ತೋಡಿನ ಬಳೆಯಲ್ಲಿ ಬರಡು ನೆಲದ ಸವಳು, ಗುಡ್ಡದ ಬಿಳಿಕಲ್ಲು, ಮಣ್ಣಿನ ಮೂಸೆ ಒಂದಾಗಿದ್ದವು. ಕುಂಬಾರರ ಮನೆಯಲ್ಲಿ ಹದ, ತಿಗರಿ, ಹಲಗೆ, ಆವಿಗೆಗಳು ಹಲವು ಕೈಗಳಲ್ಲಿ ಹಂಚಿಹೋಗಿದ್ದವು. ಈ ಮೂರೂ ಒಂದೇ ಮಾತನ್ನು ಬಲಪಡಿಸುತ್ತವೆ: ಈ ಸೀಮೆಯಲ್ಲಿ ಮಣ್ಣಿನ ವಸ್ತು ಎಂದೂ ಒಬ್ಬರ ಕೃತಿಯಾಗಿರಲಿಲ್ಲ, ಮಣ್ಣಿನ ಅರಿವೂ ಒಬ್ಬರ ಸ್ವತ್ತಾಗಿರಲಿಲ್ಲ. ಚೂರುಗಳ ಮೇಲೆ ಹೆಸರಿಲ್ಲದ ಕಾರಣ ಹಳೆಯ ಕುಶಲಿಗಳನ್ನು ನಾವು ‘ಸಂಸ್ಕೃತಿ’ ಎಂಬ ಒಟ್ಟು ಮಾತಿನಲ್ಲಿ ಕರೆಯಬೇಕಾಗಿದೆ. ಇಂದು ಬದುಕಿರುವ ಕುಂಬಾರರ ವಿಷಯದಲ್ಲಿ ಆ ನೆಪ ಇಲ್ಲ. ಅವರನ್ನು ಕೇಳಬಹುದು, ಅವರ ಮಾತನ್ನು ಬರೆದಿಡಬಹುದು, ಅವರೊಡನೆ ಕೂತು ಕೆಲಸ ಮಾಡಬಹುದು. ಬಾಗೂರು ಸೀಮೆಯ ಮಣ್ಣಿನಿಂದ ಮುಂದೆ ಹುಟ್ಟುವ ಕೃತಿಗಳ ಬೆಲೆಯನ್ನು ಅವುಗಳ ಚೆಲುವಿನಿಂದ ಅಳೆಯುವಂತೆಯೇ, ಅವು ಯಾರ ಯಾರ ಕೈಯಿಂದ ಆದವೆಂಬ ದಾಖಲೆ ಎಷ್ಟು ಪ್ರಾಮಾಣಿಕವಾಗಿದೆ ಎಂಬುದರಿಂದಲೂ ಅಳೆಯಬೇಕೆಂಬುದು ಈ ಟಿಪ್ಪಣಿಯ ನಿಲುವು.